ಹಾಸಿಗೆಯ ಬಳಿಯ ಮಾತು
ರೋಗಿಗಳ ಸೇವೆಯಲ್ಲಿರುವವರಿಗೂ ಅವರ ಮನೆಯವರಿಗೂ ಒಂದು ಪಾಠ



ನಮ್ಮ ನಂಗಲಿಯು ಮುಳಬಾಗಿಲು ತಾಲ್ಲೂಕಿನ ಮೂಡಣ ಅಂಚಿನಲ್ಲಿ, ಪಲಮನೇರಿಗೂ ಚಿತ್ತೂರಿಗೂ ಹೋಗುವ ಹೆದ್ದಾರಿಯ ಮೇಲೆ ಇರುವ ಊರೆಂಬದು ನಿಮಗೆ ತಿಳಿದದ್ದೇ. ಸ್ವಲ್ಪ ದೂರ ನಡೆದರೆ ಆಂಧ್ರದ ಸೀಮೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಎಂಬ ಹಾಗೆ ನಾವು ಬದುಕುತ್ತೇವೆ. ಕಾಯಿಲೆ ಹೆಚ್ಚಾದರೆ ನಮ್ಮ ಜನರು ಮುಳಬಾಗಿಲಿಗೂ ಕೋಲಾರಕ್ಕೂ ಹೋಗುವರು. ಅಲ್ಲಿಯೂ ಗುಣವಾಗದಿದ್ದರೆ ಗಡಿ ದಾಟಿ ವೆಲ್ಲೂರಿಗೆ ಹೋಗುವರು. ಕೋಲಾರದಲ್ಲಿ ಮೆಥೊಡಿಸ್ಟ್ ಮಿಷನಿನವರು ಕಟ್ಟಿಸಿದ ಎಲೆನ್ ಥೋಬರ್ನ್ ಕೊವೆನ್ ಆಸ್ಪತ್ರೆಯನ್ನು ನಮ್ಮ ಹಿರಿಯರಲ್ಲಿ ಅರಿಯದವರಿಲ್ಲ. ವೆಲ್ಲೂರಿನಲ್ಲಿ ಐಡಾ ಸ್ಕಡರ್ ಎಂಬ ವೈದ್ಯೆಯು ೧೯೦೦ರಲ್ಲಿ ರೋಗಿಗಳನ್ನು ನೋಡಲಾರಂಭಿಸಿ, ೧೯೦೯ರಲ್ಲಿ ದಾದಿಯರಿಗೆ ಕಲಿಸುವ ಶಾಲೆಯನ್ನು ತೆರೆದರು. ರೋಗಿಯ ಮಲಮೂತ್ರವನ್ನು ಮುಟ್ಟುವ ಕೆಲಸವು ಹೀನವೆಂದು ದೊಡ್ಡ ಮನೆತನದವರು ಎಣಿಸುತ್ತಿದ್ದ ಆ ಕಾಲದಲ್ಲಿ, ನಮ್ಮಂಥ ಬಡ ಸಭೆಗಳ ಹೆಣ್ಣುಮಕ್ಕಳೇ ಅಂಥ ಶಾಲೆಗಳಿಗೆ ಮುಂದಾಗಿ ಹೋದರು.

ಈಗಲೂ ನಮ್ಮ ಸಭೆಗಳ ಮಕ್ಕಳಲ್ಲಿ ಅನೇಕರು ಆಸ್ಪತ್ರೆಗಳಲ್ಲಿ ನರ್ಸುಗಳ ಕೈಕೆಳಗೆ ಸಹಾಯಕರಾಗಿದ್ದಾರೆ. ಆಯಾ, ವಾರ್ಡ್‌ಬಾಯ್, ನರ್ಸಿಂಗ್ ಸಹಾಯಕಿ ಎಂದು ಹೆಸರುಗಳು ಬೇರೆ ಬೇರೆ. ಆದರೆ ರೋಗಿಯನ್ನು ಎಬ್ಬಿಸುವದು, ತೊಳೆಯುವದು, ಬಟ್ಟೆ ಬದಲಿಸುವದು, ಬೆಡ್‌ಪ್ಯಾನು ಕೊಡುವದು, ಉಣ್ಣಿಸುವದು, ಮಗ್ಗುಲು ತಿರುಗಿಸುವದು ಇವೇ ಎಲ್ಲರ ಕೆಲಸ. ವೈದ್ಯರು ದಿನಕ್ಕೆ ಒಂದೆರಡು ಸಾರಿ ಬಂದು ಹೋಗುವರು. ಇವರಾದರೋ ಹಗಲಿರುಳು ಹಾಸಿಗೆಯ ಬಳಿಯಲ್ಲಿಯೇ ಇರುವರು. ಆದಕಾರಣ ರೋಗಿಯು ಆಸ್ಪತ್ರೆಯಲ್ಲಿ ಹೆಚ್ಚಾಗಿ ಕೇಳುವ ಮಾತು ವೈದ್ಯರದಲ್ಲ, ಇವರದೇ.

ಈ ತಿಂಗಳಿನ ಪಾಠವು ಇವರ ಕುರಿತಾದದ್ದು. ಜೊತೆಯಲ್ಲಿ ಕೆಲಸ ಮಾಡುವವರು ರೋಗಿಯೊಂದಿಗೆ ಒರಟಾಗಿ ನಡೆದುಕೊಳ್ಳುವದನ್ನು ಕಂಡವರು ಏನು ಮಾಡತಕ್ಕದ್ದು ಎಂಬದೇ ಪ್ರಶ್ನೆ.

೧. ಪ್ರಶ್ನೆ ಹುಟ್ಟಿದ ಬಗೆ

ನಮ್ಮ ಸಭೆಯ ಒಬ್ಬ ಸಹೋದರಿಯು ದೊಡ್ಡ ಊರೊಂದರ ಆಸ್ಪತ್ರೆಯಲ್ಲಿ ಸಹಾಯಕಿಯಾಗಿದ್ದಾಳೆ. ಆಕೆಯ ಹೆಸರನ್ನೂ ಆ ಆಸ್ಪತ್ರೆಯ ಹೆಸರನ್ನೂ ಇಲ್ಲಿ ಹೇಳುವದಿಲ್ಲ. ಗುತ್ತಿಗೆಯ ಕೆಲಸ, ವರ್ಷಕ್ಕೊಮ್ಮೆ ಮುಂದುವರಿಸಿದರೆ ಉಂಟು, ಇಲ್ಲವಾದರೆ ಇಲ್ಲ. ಆಕೆಯ ಸಂಬಳದಿಂದಲೇ ಮನೆಯಲ್ಲಿ ತಮ್ಮನ ಓದು ನಡೆಯುತ್ತದೆ. ಒಂದು ಭಾನುವಾರ ಮಧ್ಯಾಹ್ನ ಆರಾಧನೆ ಮುಗಿದ ಮೇಲೆ ಆಕೆಯು ನಮ್ಮ ಬಳಿಗೆ ಬಂದು, ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಹೀಗೆ ಹೇಳಿದಳು.

ಗಡಿಯಾಚೆಯ ಹಳ್ಳಿಯೊಂದರಿಂದ ಒಬ್ಬ ಮುದುಕಿಯು ತೊಡೆಯ ಮೂಳೆ ಮುರಿದು ಆಕೆಯ ವಾರ್ಡಿಗೆ ಸೇರಿದ್ದಳು. ತೆಲುಗಲ್ಲದೆ ಬೇರೆ ಮಾತು ಬಾರದು. ರಾತ್ರಿ ಡ್ಯೂಟಿಯಲ್ಲಿ ಈಕೆಯ ಜೊತೆಗೆ ಹನ್ನೆರಡು ವರ್ಷ ಹಿರಿಯಳಾದ ಇನ್ನೊಬ್ಬ ಸಹಾಯಕಿ. ಮುದುಕಿಯು ಬೆಡ್‌ಪ್ಯಾನು ಕೇಳಿದಾಗ ಆ ಹಿರಿಯಳು, “ಈಗ ತಾನೇ ಕೊಟ್ಟೆನಲ್ಲಾ! ನಿನಗೊಬ್ಬಳಿಗೇ ನಾನು ಇರುವದೋ?” ಎಂದು ವಾರ್ಡಿಗೆಲ್ಲಾ ಕೇಳುವಂತೆ ಗದರಿಸಿದಳು. ಮುದುಕಿಗೆ ಮಾತು ತಿಳಿಯಲಿಲ್ಲ, ದನಿ ತಿಳಿಯಿತು. ಪಕ್ಕದ ಹಾಸಿಗೆಯವರು ನಕ್ಕದ್ದೂ ತಿಳಿಯಿತು. ಅಂದಿನಿಂದ ಆಕೆ ಏನನ್ನೂ ಕೇಳಲಿಲ್ಲ.

ಮೂರನೆಯ ದಿನ ನಮ್ಮ ಸಹೋದರಿಯು ಮುದುಕಿಯ ಮೈ ಒರೆಸುವಾಗ ನೋಡಿದರೆ, ನಾಲಿಗೆ ಒಣಗಿತ್ತು; ಮೂತ್ರವು ಸ್ವಲ್ಪವೇ ಆಗಿ ಗಾಢವಾದ ಬಣ್ಣಕ್ಕೆ ತಿರುಗಿತ್ತು; ಬೆನ್ನಿನ ಕೆಳಭಾಗದಲ್ಲಿ ಚರ್ಮವು ಕೆಂಪಾಗಿತ್ತು. ತೆಲುಗಿನಲ್ಲಿ ಮೆಲ್ಲಗೆ ಕೇಳಿದಾಗ ಮುದುಕಿಯು, ನೀರು ಕುಡಿದರೆ ಮೂತ್ರಕ್ಕೆ ಕೇಳಬೇಕಾಗುವದು, ಕೇಳಿದರೆ ಬೈಯುವರು, ಆದಕಾರಣ ನೀರನ್ನೇ ಬಿಟ್ಟಿದ್ದೇನೆ ಎಂದಳು. ಇದನ್ನು ಕೇಳಿದ ನಮ್ಮ ಸಹೋದರಿಗೆ ಸಿಟ್ಟು ಬಂದು, ಮುದುಕಿಯ ಮಗಳ ಎದುರಿನಲ್ಲಿಯೇ ಆ ಹಿರಿಯಳನ್ನು, “ನಿಮಗೆ ಕರುಳಿಲ್ಲವೋ?” ಎಂದು ಕೇಳಿಬಿಟ್ಟಳು. ಅಂದಿನಿಂದ ಆ ಹಿರಿಯಳು ಈಕೆಯೊಂದಿಗೆ ಮಾತು ಬಿಟ್ಟಳು. ಮುದುಕಿಯ ಹಾಸಿಗೆಯ ಕಡೆಗೂ ಸುಳಿಯಲಿಲ್ಲ. ಈಕೆಯ ರಜೆಯ ರಾತ್ರಿಗಳಲ್ಲಿ ಮುದುಕಿಯನ್ನು ನೋಡುವವರು ಯಾರು?

“ಅಯ್ಯನವರೇ, ಹೇಳಿದ್ದಕ್ಕೆ ಕೆಟ್ಟದ್ದಾಯಿತು; ಹೇಳದಿದ್ದರೂ ಕೆಟ್ಟದ್ದಾಗುತ್ತಿತ್ತು. ನಾನು ಏನು ಮಾಡಬೇಕಾಗಿತ್ತು?” ಎಂದು ಆಕೆ ಕೇಳಿದಳು. ಕೂಡಲೇ ಉತ್ತರ ಕೊಡಲು ನಮ್ಮಿಂದ ಆಗಲಿಲ್ಲ. ಆಮೇಲೆ ಆಲೋಚಿಸಿ, ಆಸ್ಪತ್ರೆಗಳಲ್ಲಿ ಬಹುಕಾಲ ದುಡಿದು ನಿವೃತ್ತರಾದ ಇಬ್ಬರು ಸಿಸ್ಟರುಗಳನ್ನೂ ವಿಚಾರಿಸಿ, ಆಕೆಗೆ ಹೇಳಿದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತೇವೆ.

೨. ಇದು ಚಿಕ್ಕ ವಿಷಯವಲ್ಲ

ಗದರಿಸಿದರೇನು, ಹೊಡೆಯಲಿಲ್ಲವಲ್ಲಾ ಎಂದು ಕೆಲವರು ಹೇಳುವರು. ಆದರೆ ಮೇಲಿನ ಸಂಗತಿಯನ್ನು ಇನ್ನೊಮ್ಮೆ ನೋಡಿರಿ. ಒಂದು ಗದರಿಕೆಯಿಂದ ಮುದುಕಿಯು ಕೇಳುವದನ್ನು ಬಿಟ್ಟಳು. ಕೇಳುವದನ್ನು ಬಿಟ್ಟದ್ದರಿಂದ ನೀರನ್ನು ಬಿಟ್ಟಳು. ನೀರು ಕಡಿಮೆಯಾಗಿ ಮೂತ್ರವು ಕಟ್ಟಿದರೆ ಮೂತ್ರದ ದಾರಿಯಲ್ಲಿ ಸೋಂಕು ಸೇರುವದು. ಮಗ್ಗುಲು ತಿರುಗಿಸಿರೆಂದು ಕೇಳದೆ ಒಂದೇ ಕಡೆ ಮಲಗಿದರೆ, ಮೂಳೆ ಒತ್ತುವ ಸ್ಥಳಗಳಲ್ಲಿ ರಕ್ತದ ಹರಿವು ತಡೆದು ಹಾಸಿಗೆಹುಣ್ಣು ಏಳುವದು. ಒದ್ದೆ ಬಟ್ಟೆಯಿಂದ ಅದು ಇನ್ನೂ ಬೇಗನೆ ಕೆಡುವದು. ಕರೆಯಲು ಹೆದರಿ ತಾನೇ ಎದ್ದು ಹೋಗುವ ರೋಗಿಯು ಬಿದ್ದು ಇನ್ನೊಂದು ಮೂಳೆಯನ್ನು ಮುರಿದುಕೊಳ್ಳುವನು. ಸಕ್ಕರೆ ಕಾಯಿಲೆಯವನು ಮೈ ಬೆವರಿ ಕೈ ನಡುಗಿದರೂ, ಮತ್ತೆ ಬೈಯುವರೆಂದು ಸುಮ್ಮನಿದ್ದರೆ ಪ್ರಾಣಕ್ಕೇ ಅಪಾಯ. ಹೀಗೆ ಒರಟು ಮಾತು ರೋಗಿಯ ಬಾಯನ್ನು ಮುಚ್ಚಿಸುತ್ತದೆ. ಬಾಯಿ ಮುಚ್ಚಿದ ರೋಗಿಯ ರೋಗವನ್ನು ವೈದ್ಯರೂ ಅರಿಯಲಾರರು.

ದಾದಿಯರ ಕೆಲಸವನ್ನು ಕ್ರಮಪಡಿಸಿದ ಫ್ಲಾರೆನ್ಸ್ ನೈಟಿಂಗೇಲ್ ಎಂಬಾಕೆಯು ೧೮೫೪ರಲ್ಲಿ ಕ್ರಿಮಿಯದ ಯುದ್ಧದ ಗಾಯಾಳುಗಳ ಸೇವೆಗೆ ಹೋದವಳು. ಶುಶ್ರೂಷೆಯ ಕುರಿತು ೧೮೫೯ರಲ್ಲಿ ಆಕೆ ಬರೆದ ಚಿಕ್ಕ ಪುಸ್ತಕದಲ್ಲಿ, ರೋಗಿಗೆ ದೇಹಶ್ರಮಕ್ಕಿಂತ ಹೆದರಿಕೆ, ಕಾಯುವಿಕೆ, ಮುಂದೇನೋ ಎಂಬ ಕಳವಳ ಇವು ಹೆಚ್ಚು ಕೇಡು ಮಾಡುವವೆಂದು ವಿವರಿಸಿದ್ದಾಳೆ. ಮಾತಾಡುವವರು ರೋಗಿಯು ಕತ್ತು ತಿರುಗಿಸದೆ ನೋಡಬಲ್ಲ ಕಡೆಯಲ್ಲಿ ಕೂಡಬೇಕು, ಅವನ ಕಿವಿಗೆ ಅರ್ಧ ಬೀಳುವಂತೆ ಪಿಸುಗುಟ್ಟಬಾರದು ಎಂಬಂಥ ಸಣ್ಣ ಸಣ್ಣ ಸಂಗತಿಗಳನ್ನೂ ಆಕೆ ಬಿಡದೆ ಕಲಿಸಿದಳು. ಯಾಕಂದರೆ ಅವು ಆಕೆಯ ಕಣ್ಣಿಗೆ ಮರ್ಯಾದೆಯ ಮಾತುಗಳು ಮಾತ್ರವಲ್ಲ, ಚಿಕಿತ್ಸೆಯ ಭಾಗಗಳೇ ಆಗಿದ್ದವು.

ನಮ್ಮ ನೆರೆಯಿಂದಲೇ ಇನ್ನೊಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಮದನಪಲ್ಲಿಯ ಬಳಿಯ ಆರೋಗ್ಯವರದಲ್ಲಿ ಅನೇಕ ಮಿಷನುಗಳು ಕೂಡಿ ನಡಿಸಿದ ಕ್ಷಯರೋಗದ ಆಸ್ಪತ್ರೆಯು ೧೯೧೫ರಿಂದ ಅಲ್ಲಿದೆ. ಕ್ಷಯಕ್ಕೆ ತಕ್ಕ ಔಷಧಗಳು ಸಿಕ್ಕುವದಕ್ಕೆ ಮೊದಲು ವಿಶ್ರಾಂತಿ, ಆಹಾರ, ಒಳ್ಳೆಯ ಗಾಳಿ, ತಾಳ್ಮೆಯ ಆರೈಕೆ ಇವುಗಳೇ ಮುಖ್ಯ ಚಿಕಿತ್ಸೆಯಾಗಿದ್ದವು. ಔಷಧಗಳು ಬಂದ ಮೇಲೆ, ಮದ್ರಾಸಿನಲ್ಲಿ ೧೯೫೬ರಲ್ಲಿ ಆರಂಭವಾದ ಒಂದು ಪರೀಕ್ಷೆಯು, ಮನೆಯಲ್ಲಿದ್ದುಕೊಂಡು ಕ್ರಮವಾಗಿ ಮದ್ದು ತೆಗೆದುಕೊಳ್ಳುವವರೂ ಆಸ್ಪತ್ರೆಯಲ್ಲಿ ಮಲಗಿದವರಷ್ಟೇ ಚೆನ್ನಾಗಿ ಗುಣವಾಗುವರೆಂದು ತೋರಿಸಿತು. ಅಂದಿನಿಂದ ಕ್ಷಯದ ಚಿಕಿತ್ಸೆಯು ರೋಗಿಯು ಮತ್ತೆ ಮತ್ತೆ ಬರುವದರ ಮೇಲೆ ನಿಂತಿದೆ. ಸಾಧಾರಣವಾದ ಕ್ಷಯಕ್ಕೆ ಈಗಲೂ ಸುಮಾರು ೬ ತಿಂಗಳ ಮದ್ದು ಬೇಕು. ಎರಡನೆಯ ತಿಂಗಳಿನಲ್ಲಿ ಕಿಟಕಿಯ ಬಳಿ ಯಾರೋ ಮುಖ ಸಿಂಡರಿಸಿ “ದೂರ ನಿಲ್ಲು” ಎಂದು ಕೂಗಿದರೆಂದು ರೋಗಿಯು ಬರುವದನ್ನು ಬಿಟ್ಟರೆ, ರೋಗವು ತಿರುಗಿ ಏಳುವದು, ಮದ್ದಿಗೆ ಬಗ್ಗದ ರೋಗವಾಗಿಯೂ ಮಾರ್ಪಡುವದು, ಮನೆಯವರಿಗೂ ಹರಡುವದು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮ ಹಿರಿಯರು ಹೇಳುವರು. ಆಸ್ಪತ್ರೆಯಲ್ಲಿ ಈ ಎರಡೂ ಒಂದೇ ಆಗಿವೆ. ಅಲ್ಲಿ ಮಾತು ಬಲ್ಲವರ ಕೈಯಲ್ಲಿ ರೋಗವೂ ಇಳಿಯುವದು.

೩. ಒರಟುತನದ ಬೇರುಗಳು

ಕಳೆಯನ್ನು ಕೀಳುವವನು ಮೊದಲು ಬೇರು ಎಲ್ಲಿದೆ ಎಂದು ನೋಡುವನು. ಜೊತೆಗೆಲಸದವರ ಒರಟುತನಕ್ಕೆ ಸಾಧಾರಣವಾಗಿ ನಾಲ್ಕು ಬೇರುಗಳುಂಟು.

ಮೊದಲನೆಯದು ದಣಿವು. ಇಬ್ಬರು ಸಹಾಯಕಿಯರಿಗೆ ಮೂವತ್ತು ಹಾಸಿಗೆಗಳು, ಒಂದರ ಮೇಲೊಂದು ರಾತ್ರಿ ಡ್ಯೂಟಿ, ಕೂಡ್ರಲು ಸ್ಥಳವಿಲ್ಲ. ಹೀಗಿರಲಾಗಿ ಮೃದುಸ್ವಭಾವದವರ ದನಿಯೂ ಗಡುಸಾಗುವದು.

ಎರಡನೆಯದು ಮನಸ್ಸಿನ ಕಾಯಿಗಟ್ಟುವಿಕೆ. ಗುದ್ದಲಿ ಹಿಡಿಯುವ ಅಂಗೈ ಹೇಗೆ ಬಿರುಸಾಗುವದೋ ಹಾಗೆಯೇ ದಿನದಿನ ನರಳಾಟವನ್ನು ಕೇಳುವವರ ಕಿವಿಯೂ ಬಿರುಸಾಗುವದು. ಕೆಲವರು ಅಳು ಬಾರದಿರಲೆಂದೇ ಸಿಟ್ಟನ್ನು ಹೊದ್ದುಕೊಳ್ಳುವರು.

ಮೂರನೆಯದು ಭಾಷೆ. ತೆಲುಗಿನವಳು “ನೊಪ್ಪಿ” ಎಂದರೆ ನೋವು. “ಮಂಟ” ಎಂದರೆ ಉರಿ. ಇದು ತಿಳಿಯದವರಿಗೆ ಆಕೆ ಸುಮ್ಮನೆ ಗೊಣಗುತ್ತಾಳೆಂದು ತೋರುವದು. ಮಾತು ತಿಳಿಯದಾಗ ದನಿ ಎತ್ತುವದು ಮನುಷ್ಯರ ರೂಢಿ. ಆದರೆ ಕಿವುಡುತನಕ್ಕೆ ಮಾಡುವ ಮದ್ದು ಭಾಷೆಗೆ ಹತ್ತುವದಿಲ್ಲ.

ನಾಲ್ಕನೆಯದು ಮೇಲಿನಿಂದ ಬಂದ ಒರಟುತನ. ಆಯಾಳನ್ನು ನರ್ಸು ಗದರಿಸುವಳು, ನರ್ಸನ್ನು ವೈದ್ಯನು ಗದರಿಸುವನು. ಆಯಾಳ ಕೆಳಗೆ ಇರುವವನು ರೋಗಿಯೊಬ್ಬನೇ.

ಈ ಕಾರಣಗಳನ್ನು ಹೇಳುವದು ತಪ್ಪನ್ನು ಮುಚ್ಚುವದಕ್ಕಲ್ಲ. ಹೆದರಿದ ರೋಗಿಗೆ ಕಾರಣ ಯಾವದಾದರೂ ಒಂದೇ. ಆದರೆ ತಿದ್ದಲು ಹೋಗುವವರು ಬೇರನ್ನು ಅರಿಯದೆ ಹೋದರೆ ಎಲೆಯನ್ನು ಮಾತ್ರ ಹರಿದು ಬರುವರು.

೪. ಮಾಡತಕ್ಕ ಕ್ರಮ

ಮೊದಲು ರೋಗಿಯ ಬಳಿಗೆ ಹೋಗಿರಿ. ಜೊತೆಗೆಲಸದವರೊಂದಿಗೆ ನ್ಯಾಯ ಕೇಳುವದು ಆಮೇಲೆ. ಗದರಿಕೆಯಾದ ಕೂಡಲೆ ಹಾಸಿಗೆಯ ಬಳಿಗೆ ಹೋಗಿ, ಕೇಳಿದ್ದನ್ನು ಕೊಟ್ಟು, ಅವರ ಮಾತಿನಲ್ಲಿಯೇ “ಅವ್ವಾ, ಏನು ಬೇಕಾದರೂ ನನ್ನನ್ನು ಕರೆಯಿರಿ, ಕೇಳುವದು ತಪ್ಪಲ್ಲ” ಎಂದು ಹೇಳಿರಿ. ಜೊತೆಗೆಲಸದವರನ್ನು ಅಲ್ಲಿ ನಿಂದಿಸಬೇಡಿರಿ. ನಿಂದಿಸಿದರೆ, ಇಂಥವರ ಕೈಯಲ್ಲಿ ಬಿದ್ದಿದ್ದೇನಲ್ಲಾ ಎಂಬ ಹೆದರಿಕೆಯು ರೋಗಿಗೆ ಇನ್ನೂ ಹೆಚ್ಚಾಗುವದು. ಆಮೇಲೆ ರೋಗಿಯನ್ನು ಚೆನ್ನಾಗಿ ನೋಡಿರಿ. ನೀರು ಕುಡಿದರೋ, ಮೂತ್ರವಾಯಿತೋ, ಬೆನ್ನೂ ಹಿಮ್ಮಡಿಯೂ ಕೆಂಪಾಗಿವೆಯೋ? ವ್ಯತ್ಯಾಸ ಕಂಡರೆ ಕೂಡಲೆ ಸಿಸ್ಟರಿಗೆ ತಿಳಿಸಿರಿ. ಇದು ಚಾಡಿಯಲ್ಲ, ನಿಮ್ಮ ಕೆಲಸವೇ.

ಎರಡನೆಯದಾಗಿ ಆ ಜೊತೆಗಾರರೊಂದಿಗೆ ಒಂಟಿಯಾಗಿ ಮಾತಾಡಿರಿ. ತಪ್ಪು ಮಾಡಿದವನನ್ನು ಮೊದಲು ಅವನಿಗೂ ನಿನಗೂ ಮಾತ್ರ ತಿಳಿದಿರುವಂತೆ ಕಾಣಬೇಕು, ಅವನು ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಬೇಕು, ಆಗಲೂ ಕೇಳದಿದ್ದರೆ ದೊಡ್ಡವರ ಮುಂದೆ ಇಡಬೇಕು ಎಂಬ ಕ್ರಮವನ್ನು ಮತ್ತಾಯನ ಸುವಾರ್ತೆಯ ೧೮ನೆಯ ಅಧ್ಯಾಯದಿಂದ ನೀವೆಲ್ಲರೂ ಕಲಿತಿದ್ದೀರಿ. ಅದು ಸಭೆಯೊಳಗಿನ ಜಗಳಗಳಿಗೆ ಮಾತ್ರ ಹೇಳಿದ್ದೆಂದು ನಾವು ಎಣಿಸಿಕೊಂಡಿದ್ದೇವೆ. ವಾರ್ಡಿನಲ್ಲಿಯೂ ಇದಕ್ಕಿಂತ ಒಳ್ಳೆಯ ಕ್ರಮವನ್ನು ಕಾಣೆವು. ಸಿಟ್ಟು ಇಳಿದ ಮೇಲೆ, ಆದರೆ ಅದೇ ದಿನದಲ್ಲಿಯೇ, ಚಹಾ ಕುಡಿಯುವ ಹೊತ್ತಿನಲ್ಲಿಯೋ ಬಟ್ಟೆ ಮಡಿಸುವಾಗಲೋ ಮಾತು ತೆಗೆಯಿರಿ. ಆಗ ಮೂರು ಸಂಗತಿಗಳನ್ನು ನೆನಪಿನಲ್ಲಿಡಿರಿ.

ಕಂಡದ್ದನ್ನು ಹೇಳಿರಿ, ಸ್ವಭಾವವನ್ನು ಹೇಳಬೇಡಿರಿ. “ನಿಮಗೆ ಕರುಳಿಲ್ಲ” ಎಂದರೆ ಅದು ತೀರ್ಪು. ಅದಕ್ಕೆ ಜಗಳವೇ ಉತ್ತರ. “ಅಕ್ಕಾ, ಸೋಮವಾರ ರಾತ್ರಿ ಬೈದ ಮೇಲೆ ಆ ಅಜ್ಜಿ ನೀರು ಕುಡಿಯುವದನ್ನೇ ಬಿಟ್ಟಿದ್ದಾರೆ, ಬೆನ್ನು ಕೆಂಪಾಗಿದೆ” ಎಂದರೆ ಅದು ಸಂಗತಿ, ಅದಕ್ಕೆ ಮದ್ದು ಹುಡುಕಬಹುದು. ಬಹುಮಂದಿ ಒರಟರು ತಮ್ಮ ಮಾತಿನಿಂದ ಮುಂದೆ ಏನಾಯಿತೆಂದು ತಿಳಿಯದೆಯೇ ಇರುತ್ತಾರೆ.

ಅವರ ಭಾರವನ್ನು ಕೇಳಿರಿ. “ಈ ವಾರ ನಿಮಗೆ ಎಷ್ಟು ರಾತ್ರಿ ಡ್ಯೂಟಿ ಬಿತ್ತಕ್ಕಾ?” ಎಂಬ ಒಂದು ಪ್ರಶ್ನೆಯಿಂದ ಅರ್ಧ ಕೆಲಸ ತೀರುವದು.

ನಿಮ್ಮ ಕೈಯನ್ನೂ ಕೊಡಿರಿ. “ಹೀಗೆ ಮಾಡಬೇಡಿರಿ” ಎಂದು ನಿಲ್ಲಿಸದೆ, “ಆ ಸಾಲಿನ ತೆಲುಗಿನವರನ್ನು ನಾನು ನೋಡಿಕೊಳ್ಳುತ್ತೇನೆ, ಈ ಸಾಲನ್ನು ನೀವು ನೋಡಿರಿ” ಎಂದು ಹೇಳಿರಿ.

ಇಲ್ಲಿ ಉಪಯುಕ್ತವಾದ ಒಂದು ರೂಢಿಯನ್ನು ತಿಳಿಸುತ್ತೇವೆ. ಅನೇಕ ದೇಶಗಳ ಆಸ್ಪತ್ರೆಗಳಲ್ಲಿ ಸಹಾಯಕರು ರೋಗಿಯು ಕರೆಯುವ ತನಕ ಕಾಯದೆ, ಗೊತ್ತಾದ ಹೊತ್ತಿಗೆ ಒಂದೊಂದು ಹಾಸಿಗೆಗೂ ಹೋಗಿ ನಾಲ್ಕು ಸಂಗತಿಗಳನ್ನು ವಿಚಾರಿಸುತ್ತಾರೆ: ನೋವು ಇದೆಯೋ, ಬೆಡ್‌ಪ್ಯಾನು ಬೇಕೋ, ಮಗ್ಗುಲು ತಿರುಗಿಸಬೇಕೋ, ನೀರೂ ಕರೆಗಂಟೆಯೂ ಕೈಗೆ ನಿಲುಕುವಂತಿವೆಯೋ. ಹೀಗೆ ಮಾಡಿದರೆ ಕೆಲಸವು ಹೆಚ್ಚಾಗುವದೆಂದು ತೋರಬಹುದು. ಆದರೆ ನಡುನಡುವೆ ಕರೆಯುವ ಕರೆಗಳು ಕಡಿಮೆಯಾಗುವವು, ರೋಗಿಗಳು ತಾವೇ ಎದ್ದು ಬೀಳುವದೂ ಕಡಿಮೆಯಾಗುವದು. ಕರೆ ಕಡಿಮೆಯಾದರೆ ಗದರಿಕೆಗೂ ಎಡೆಯಿಲ್ಲ. ನೈಟಿಂಗೇಲಳು ತನ್ನ ಪುಸ್ತಕದಲ್ಲಿ ಒತ್ತಿ ಕಲಿಸಿದ್ದೂ ಇದನ್ನೇ. ಒಳ್ಳೆಯ ದಾದಿಯು ತಾನಿರುವಾಗ ಸರಿಯಾದದ್ದನ್ನು ಮಾಡಿದರೆ ಸಾಲದು. ತಾನಿಲ್ಲದ ಹೊತ್ತಿನಲ್ಲಿಯೂ ಅದು ನಡೆಯುವಂತೆ ಏರ್ಪಾಡು ಮಾಡಿ ಹೋಗಬೇಕು.

ಮೂರನೆಯದಾಗಿ, ಒಂಟಿಯಾಗಿ ಹೇಳಿದ ಮೇಲೆಯೂ ತಿದ್ದಿಕೊಳ್ಳದಿದ್ದರೆ, ವಾರ್ಡಿನ ಹಿರಿಯ ಸಿಸ್ಟರಿಗೆ ತಿಳಿಸಿರಿ. ಹೋಗುವ ಮುಂಚೆ ಕಂಡದ್ದನ್ನು ಬರೆದಿಟ್ಟುಕೊಳ್ಳಿರಿ: ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಹಾಸಿಗೆ, ಏನು ನುಡಿದರು, ರೋಗಿಗೆ ಏನಾಯಿತು. ಕೇಳಿದ ಸುದ್ದಿಯನ್ನು ಕಂಡದ್ದರೊಂದಿಗೆ ಬೆರೆಸಬೇಡಿರಿ. “ಆಕೆಯನ್ನು ತೆಗೆದುಹಾಕಿರಿ” ಎಂದು ಕೇಳದೆ, “ಆ ಹಾಸಿಗೆಯ ರೋಗಿಗೆ ಹೀಗಾಗುತ್ತಿದೆ, ಏನು ಮಾಡೋಣ?” ಎಂದು ಕೇಳಿರಿ. ನಿಮಗಿಂತ ಮುಂಚೆ ಜೊತೆಗಾರರಿಗೇ ಹೇಳಿದ್ದೀರೆಂಬದನ್ನೂ ತಿಳಿಸಿರಿ. ಅದರಿಂದ ನಿಮ್ಮ ಮಾತಿಗೆ ತೂಕ ಬರುವದು.

೫. ತಡಮಾಡಬಾರದ ಸಂಗತಿಗಳು

ಮೇಲೆ ಹೇಳಿದ ಕ್ರಮವು ಗಡುಸಾದ ದನಿಗೂ ಅಲಕ್ಷ್ಯಕ್ಕೂ ತಕ್ಕದ್ದು. ಕೆಲವು ಸಂಗತಿಗಳಲ್ಲಿ ಒಂಟಿಯಾಗಿ ಮಾತಾಡುತ್ತಾ ದಿನ ಕಳೆಯಬಾರದು. ಅದೇ ಗಳಿಗೆಯಲ್ಲಿ ಮೇಲಿನವರಿಗೆ ತಿಳಿಸಬೇಕು. ರೋಗಿಯನ್ನು ಹೊಡೆಯುವದು, ವೈದ್ಯರ ಅಪ್ಪಣೆಯಿಲ್ಲದೆ ಕಟ್ಟಿಹಾಕುವದು, ನೀರನ್ನೋ ಮದ್ದನ್ನೋ ಬೇಕೆಂದು ತಡೆಯುವದು, ಬಿದ್ದವನನ್ನು ಬೀಳಲಿಲ್ಲವೆಂದು ಮುಚ್ಚುವದು, ಬೆಡ್‌ಪ್ಯಾನಿಗೂ ಕೂಸಿನ ಮುಖ ತೋರಿಸುವದಕ್ಕೂ ಹಣ ಕೇಳುವದು, ಹೆಂಗಸರ ಮೈಯನ್ನು ಪರದೆಯಿಲ್ಲದೆ ತೆರೆದಿಡುವದು ಇವು ಅಂಥವು. ಎಚ್‌ಐವಿ ಸೋಂಕಿರುವವರ ರೋಗವನ್ನು ಅವರ ಒಪ್ಪಿಗೆಯಿಲ್ಲದೆ ಇತರರಿಗೆ ಕೂಗಿ ಹೇಳುವದು ೨೦೧೭ರ ಕಾಯಿದೆಯು ನಿಷೇಧಿಸಿರುವ ತಪ್ಪು. ಅದನ್ನೂ ಇಲ್ಲಿಯೇ ಸೇರಿಸಿರಿ.

ಹೆರಿಗೆಯ ಕೋಣೆಯನ್ನು ಪ್ರತ್ಯೇಕವಾಗಿ ಹೇಳಬೇಕು. ನೋವಿನಿಂದ ಕೂಗುವವಳನ್ನು ಗಂಡನೊಂದಿಗಿದ್ದ ಸಂಗತಿಯೆತ್ತಿ ಹಂಗಿಸುವ ಹೊಲಸು ರೂಢಿಯು ಅನೇಕ ಕಡೆಗಳಲ್ಲಿ ಇದೆಯೆಂದು ನಮ್ಮ ತಾಯಂದಿರು ಬಲ್ಲರು. ಹೆರಿಗೆಯಲ್ಲಿ ಹೆಂಗಸರಿಗಾಗುವ ಅವಮಾನವನ್ನೂ ಹಿಂಸೆಯನ್ನೂ ನಿಲ್ಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೧೪ರಲ್ಲಿ ಎಲ್ಲಾ ದೇಶಗಳಿಗೆ ಹೇಳಿತು. ೨೦೧೬ರಲ್ಲಿ ಭಾರತ ಸರಕಾರವು ಸರಕಾರಿ ಆಸ್ಪತ್ರೆಗಳಲ್ಲಿ ಹೆರುವವಳ ಬಳಿಯಲ್ಲಿ ಆಕೆಯ ಕಡೆಯ ಒಬ್ಬ ಹೆಂಗಸು ಇರಬಹುದೆಂದು ಒಪ್ಪಿತು. ೨೦೧೭ರಲ್ಲಿ ಆರಂಭವಾದ ‘ಲಕ್ಷ್ಯ’ ಎಂಬ ಯೋಜನೆಯು ಹೆರಿಗೆಯ ಕೋಣೆಯಲ್ಲಿ ಗೌರವದ ನಡತೆಯನ್ನೂ ಒಂದು ಗುಣವೆಂದು ಎಣಿಸುತ್ತದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ೨೦೧೮ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಮಾನವೂ ಗುಟ್ಟೂ ರೋಗಿಯ ಹಕ್ಕುಗಳೆಂದು ಬರೆದಿದೆ. ದೂರು ಹೇಳುವದೂ ಅವನ ಹಕ್ಕೇ. ಆದಕಾರಣ ರೋಗಿಯ ಪರವಾಗಿ ಮಾತಾಡುವ ಸಹಾಯಕಿಯು ತನ್ನ ಮೇರೆಯನ್ನು ಮೀರಿದವಳಲ್ಲ.

೬. ಮಾಡಬಾರದವುಗಳು

ರೋಗಿಯ ಮುಂದೆ ಜಗಳವಾಡಬಾರದು. ನಮ್ಮ ಸಹೋದರಿಯ ಮೊದಲನೆಯ ತಪ್ಪು ಇದೇ. ಆಕೆಯ ಸಿಟ್ಟು ನ್ಯಾಯವಾದದ್ದು, ಸ್ಥಳ ಮಾತ್ರ ತಪ್ಪಾಯಿತು. ಬಸ್ಸಿನಲ್ಲಿಯೂ ನಲ್ಲಿಯ ಬಳಿಯಲ್ಲಿಯೂ ಜೊತೆಗಾರರ ಒರಟುತನವನ್ನು ಕಥೆಯಾಗಿ ಹೇಳಬಾರದು. ಅದರಿಂದ ರೋಗಿಗೆ ಒಂದು ಗುಟುಕು ನೀರೂ ಸಿಕ್ಕುವದಿಲ್ಲ. ರೋಗಿಯ ಚಿತ್ರವನ್ನು ಫೋನಿನಲ್ಲಿ ಹಿಡಿದು ಹತ್ತು ಜನರಿಗೆ ಕಳುಹಿಸಬಾರದು. ಒಮ್ಮೆ ಅವಮಾನಪಟ್ಟವಳನ್ನು ಹಾಗೆ ನೂರು ಸಾರಿ ಅವಮಾನಪಡಿಸುವೆವು. ತಾನು ಒಳ್ಳೆಯವಳೆಂದು ತೋರಿಸಿಕೊಳ್ಳಲು ಇನ್ನೊಬ್ಬಳ ತಪ್ಪನ್ನು ಮೆಟ್ಟಿಲು ಮಾಡಿಕೊಳ್ಳಬಾರದು. ಎಲ್ಲಕ್ಕಿಂತ ಹೆಚ್ಚಾಗಿ, “ನಮಗೇಕೆ?” ಎಂದು ಸುಮ್ಮನಿರಬಾರದು. ಗುತ್ತಿಗೆಯ ಕೆಲಸದವರಿಗೆ ಸುಮ್ಮನಿರುವ ಶೋಧನೆ ದೊಡ್ಡದೆಂದು ಬಲ್ಲೆವು. ಅಂಥವರು ಒಬ್ಬರೇ ಹೋಗದೆ ನಂಬಿಕೆಯ ಇನ್ನೊಬ್ಬರನ್ನು ಕರೆದುಕೊಂಡು ಹೋಗಲಿ. ಮಾತನ್ನು ರೋಗಿಯ ಸ್ಥಿತಿಯಿಂದಲೇ ಆರಂಭಿಸಲಿ. ಬೆನ್ನು ಕೆಂಪಾಗಿದೆ ಎಂದು ತಿಳಿಸಿದ್ದಕ್ಕೆ ಕೆಲಸವನ್ನು ಕಳೆಯುವದು ಯಾರಿಗೂ ಸುಲಭವಲ್ಲ.

೭. ನಮ್ಮನ್ನು ನಾವೇ ನೋಡಿಕೊಳ್ಳುವದು

ಇನ್ನೊಬ್ಬರ ದನಿಯನ್ನು ಅಳೆಯುವ ಮೊದಲು ನಮ್ಮ ದನಿಯನ್ನೂ ಕೇಳಿಕೊಳ್ಳಬೇಕು. ಇದು ಆಸ್ಪತ್ರೆಯಲ್ಲಿ ಕೆಲಸವಿಲ್ಲದವರಿಗೂ ಸೇರಿದ್ದು. ನಾವೇ ಒಂದು ಸಾರಿ ಕಾಯಿಲೆಯ ಒಬ್ಬ ಹಿರಿಯರನ್ನು ಕಾಣಲು ನಾಲ್ಕು ಮಂದಿಯನ್ನು ಕೂಡಿಕೊಂಡು ಹೋದೆವು. ಅವರ ಕಾಲದೆಸೆಯಲ್ಲಿ ನಿಂತು ದೊಡ್ಡ ದನಿಯಿಂದ ಉದ್ದವಾಗಿ ಪ್ರಾರ್ಥಿಸಿ, ಆಮೇಲೆ ನಮ್ಮೊಳಗೆ ಮಳೆಬೆಳೆಯ ಮಾತನ್ನು ಆಡುತ್ತಾ ಒಂದು ಗಂಟೆ ಕುಳಿತೆವು. ನಾವು ಎದ್ದು ಬಾಗಿಲು ದಾಟಿದೆವೋ ಇಲ್ಲವೋ, ಅವರು ಮಗನನ್ನು ಕರೆದು ಬೆಡ್‌ಪ್ಯಾನು ಕೇಳಿದ್ದು ಕಿವಿಗೆ ಬಿತ್ತು. ನಮ್ಮ ಮೇಲಿನ ಮರ್ಯಾದೆಗಾಗಿ ಅವರು ಅಷ್ಟು ಹೊತ್ತು ತಾಳಿದ್ದರು. ನಮ್ಮ ದನಿ ಒರಟಲ್ಲ. ಆದರೆ ಕೆಲಸ ಆ ಹಿರಿಯ ಸಹಾಯಕಿಯ ಕೆಲಸಕ್ಕಿಂತ ಬಹಳ ಬೇರೆಯೋ? ಅಂದಿನಿಂದ ನಾವು ರೋಗಿಯ ಬಳಿಗೆ ಇಬ್ಬರಿಗಿಂತ ಹೆಚ್ಚು ಮಂದಿ ಹೋಗುವದಿಲ್ಲ. ಅವರ ಮುಖದ ಎದುರಿಗೆ ಕೂತು, ಮೊದಲು “ಏನಾದರೂ ಬೇಕೋ?” ಎಂದು ಕೇಳಿ, ಮಿಕ್ಕದ್ದನ್ನು ಚಿಕ್ಕದಾಗಿ ಮುಗಿಸುವೆವು.

ರೋಗಿಯ ಮನೆಯವರೂ ಒಂದನ್ನು ನೆನಸಬೇಕು. ವಾರ್ಡಿನ ಸಹಾಯಕಿಯನ್ನು “ಏಯ್” ಎಂದು ಕರೆಯುವವರು ಆಕೆಯಿಂದ “ಅಮ್ಮಾ” ಎಂಬ ಮಾತನ್ನು ಹೇಗೆ ಎದುರು ನೋಡಬಹುದು?

೮. ಆಮೇಲೆ ಆದದ್ದು

ನಮ್ಮ ಸಹೋದರಿಯು ಮರುದಿನ ರಾತ್ರಿ ಡ್ಯೂಟಿಗೆ ಹೋಗಿ, ಮೊದಲು ತನ್ನ ತಪ್ಪನ್ನು ಒಪ್ಪಿಕೊಂಡಳು. “ಅಕ್ಕಾ, ಅಜ್ಜಿಯ ಮಗಳ ಮುಂದೆ ನಾನು ಹಾಗೆ ಹೇಳಬಾರದಾಗಿತ್ತು” ಎಂದಳು. ಅದಕ್ಕೆ ಆ ಹಿರಿಯಳು, “ನನಗೆ ಪಾಠ ಹೇಳುವಷ್ಟು ದೊಡ್ಡವಳಾದೆಯಾ?” ಎಂದು ಮುಖ ತಿರುಗಿಸಿದಳು. ಎರಡು ದಿನ ಮಾತಿಲ್ಲ. ಆ ಎರಡು ದಿನಗಳಲ್ಲಿ ಈಕೆಯು ಮುದುಕಿಗೆ ಹೊತ್ತು ಹೊತ್ತಿಗೆ ನೀರು ಕೊಟ್ಟು, ಸಿಸ್ಟರು ತಿಳಿಸಿದಂತೆ ಎರಡೆರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಿದಳು. ರಜೆಯ ರಾತ್ರಿಗೆ ಮುದುಕಿಯ ಮಗಳಿಗೇ ಅದನ್ನು ಕಲಿಸಿ, ಕನ್ನಡದಲ್ಲಿ ಕೇಳಬೇಕಾದ ನಾಲ್ಕು ಮಾತುಗಳನ್ನೂ ಹೇಳಿಕೊಟ್ಟಳು.

ಮೂರನೆಯ ರಾತ್ರಿ ಆ ಹಿರಿಯಳು ತಾನಾಗಿಯೇ ಬಂದು ಪಕ್ಕದಲ್ಲಿ ಕೂತು ಮೊಣಕಾಲನ್ನು ಒತ್ತಿಕೊಂಡಳು. ಬೇರೊಬ್ಬಳು ರಜೆ ಹಾಕಿದ್ದರಿಂದ ಎರಡು ವಾರ ಒಂದೇ ಸಮನೆ ರಾತ್ರಿ ಡ್ಯೂಟಿ. ಮನೆಯಲ್ಲಿ ಹಗಲು ನಿದ್ದೆಯಿಲ್ಲ. ಸಾರಿಸಾರಿಗೂ ಬಗ್ಗಿ ಎತ್ತಿ ಕಾಲು ಊದಿಕೊಂಡಿತ್ತು. ಅಜ್ಜಿಯ ಬೆನ್ನಿನ ಸಂಗತಿ ಆಕೆಗೆ ತಿಳಿದೇ ಇರಲಿಲ್ಲ. “ಬೈದೆನೆಂದು ನೀರನ್ನೇ ಬಿಟ್ಟಳೇ?” ಎಂದು ಎರಡು ಸಾರಿ ಕೇಳಿದಳಂತೆ. ಆಮೇಲೆ ಇಬ್ಬರೂ ಕೂಡಿ, ರಾತ್ರಿ ಊಟವಾದ ಮೇಲೂ ನಡುರಾತ್ರಿಯಲ್ಲಿಯೂ ಬೆಳಗಿನ ಜಾವದಲ್ಲಿಯೂ ಯಾರೂ ಕರೆಯುವ ಮುಂಚೆಯೇ ಎಲ್ಲಾ ಹಾಸಿಗೆಗಳನ್ನೂ ಸುತ್ತಿ ಬರುವದೆಂದು ಗೊತ್ತುಮಾಡಿಕೊಂಡರು. ಭಾರವಾದವರನ್ನು ಇಬ್ಬರೂ ಕೂಡಿಯೇ ಎತ್ತುವರು. ಡ್ಯೂಟಿಯ ಪಟ್ಟಿಯ ಸಂಗತಿಯನ್ನು ಇಬ್ಬರೂ ಒಟ್ಟಾಗಿ ಹಿರಿಯ ಸಿಸ್ಟರ ಮುಂದೆ ಇಟ್ಟರು. ಮುಂದಿನ ತಿಂಗಳು ಸ್ವಲ್ಪ ಸರಿಹೋಯಿತು.

ಎಲ್ಲವೂ ಸರಿಯಾಯಿತೆಂದು ನಾವು ಬರೆಯುವದಿಲ್ಲ. ಆ ಹಿರಿಯಳ ದನಿಯು ಈಗಲೂ ಕೆಲವು ಸಾರಿ ಏರುವದುಂಟು. ಆಗ ಈಕೆಯು “ಅಕ್ಕಾ” ಎಂದು ಮಾತ್ರ ಕರೆಯುವಳು, ಆಕೆ ಇಳಿಸಿಕೊಳ್ಳುವಳು. ಮುದುಕಿಯ ಬೆನ್ನು ಹುಣ್ಣಾಗದೆ ಉಳಿಯಿತು. ಆದರೆ ಮನೆಗೆ ಹೋದ ಮೇಲೆ ಆಕೆಯು ತನ್ನ ಊರಿನವರಿಗೆ, ಸತ್ತರೂ ಆ ಆಸ್ಪತ್ರೆಗೆ ಹೋಗಬೇಡಿರೆಂದು ಹೇಳುತ್ತಿದ್ದಾಳೆಂದು ಕೇಳಿದೆವು. ಒಂದು ರಾತ್ರಿಯ ಮಾತನ್ನು ಅನೇಕ ದಿನಗಳ ಆರೈಕೆಯಿಂದಲೂ ಅಳಿಸಲಾಗಲಿಲ್ಲ. ಆ ಊರಿನಲ್ಲಿ ನಾಳೆ ಹೆರಿಗೆಯ ನೋವಿನಿಂದಲೋ ಎದೆನೋವಿನಿಂದಲೋ ಇರುವವರು ಆಕೆಯ ಮಾತನ್ನು ಕೇಳಿ ತಡಮಾಡಿದರೆ ಏನಾಗುವದೋ ಎಂಬದೇ ನಮ್ಮ ಭಯ. ಇದಕ್ಕಾಗಿಯೇ ಈ ಪಾಠವನ್ನು ಬರೆದೆವು. ಜೊತೆಗಾರರ ತಪ್ಪನ್ನು ಎರಡನೆಯ ಸಾರಿಗೆ ಬಿಡದೆ, ಮೊದಲನೆಯ ಸಾರಿಯೇ, ಪ್ರೀತಿಯಿಂದಲೂ ಧೈರ್ಯದಿಂದಲೂ ಹೇಳಿರಿ.

ಕೂಟಗಳಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

(೧) ಒರಟು ಮಾತಿನಿಂದ ರೋಗಿಯ ದೇಹಕ್ಕೆ ಆಗುವ ಕೇಡುಗಳಲ್ಲಿ ಮೂರನ್ನು ಹೇಳಿರಿ.
(೨) ಗದರಿಕೆಯನ್ನು ಕಂಡ ಕೂಡಲೆ ಮೊದಲು ಯಾರ ಬಳಿಗೆ ಹೋಗಬೇಕು? ಯಾಕೆ?
(೩) “ನಿಮಗೆ ಕರುಳಿಲ್ಲ” ಎಂಬ ಮಾತಿಗೂ “ಅಜ್ಜ ನೀರು ಕುಡಿಯುತ್ತಿಲ್ಲ” ಎಂಬ ಮಾತಿಗೂ ಇರುವ ಭೇದವೇನು?
(೪) ಒಂಟಿಯಾಗಿ ಮಾತಾಡುತ್ತಾ ತಡಮಾಡಬಾರದ ಸಂಗತಿಗಳು ಯಾವವು?
(೫) ನಿಮ್ಮ ಹಳ್ಳಿಯಲ್ಲಿ ಯಾರಾದರೂ ಆಸ್ಪತ್ರೆಯ ಒರಟುತನಕ್ಕೆ ಹೆದರಿ ಚಿಕಿತ್ಸೆಯನ್ನು ಬಿಟ್ಟಿದ್ದಾರೋ? ಅವರನ್ನು ತಿರುಗಿ ಕರೆದುಕೊಂಡು ಹೋಗಲು ಈ ವಾರದಲ್ಲಿ ಅವರ ಸಂಗಡ ಹೋಗುವವರು ಯಾರು?